ವಿಕ್ಟೋರಿಯಾದ ವರ್ಕ್‌ಕವರ್: ಮನಸ್ಸಿಗಾದ ಗಾಯಕ್ಕೆ ಕ್ಲೇಮ್ ಹಾಕುವಾಗ ‘ಟೆನ್ಷನ್’ ಅನ್ನೋ ಪದ ಬಿಡಿ

ಯಾರಾ_ದಂಡೆ

ಮೆಲ್ಬರ್ನ್ ಸುತ್ತಮುತ್ತ ಏಜ್ಡ್ ಕೇರ್ (ವೃದ್ಧರ ಆರೈಕೆ), ಆಸ್ಪತ್ರೆ, ಗೋದಾಮು, ಐಟಿ ಕೆಲಸಗಳಲ್ಲಿರುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆ ಇದು: ಕೆಲಸದ ಜಾಗದಲ್ಲಿ ನಡೆದದ್ದರಿಂದ ಮನಸ್ಸಿಗೆ ಪೆಟ್ಟಾಗಿದೆ, ರಾತ್ರಿ ನಿದ್ದೆಯಿಲ್ಲ, ಶಿಫ್ಟ್‌ಗೆ ಹೊರಟರೆ ಕೈಕಾಲು ನಡುಗುತ್ತೆ. ಇದಕ್ಕೂ ವರ್ಕ್‌ಕವರ್ (ವಿಕ್ಟೋರಿಯಾ ರಾಜ್ಯದಲ್ಲಿ ಕೆಲಸದಿಂದಾದ ಗಾಯಕ್ಕೆ ಕೊಡುವ ವಿಮಾ ಪರಿಹಾರ) ಸಿಗುತ್ತಾ?

ಸಿಗುತ್ತೆ. ಕೈ ಮುರಿದವರಿಗೆ ಸಿಗುವ ವಾರದ ಹಣ, ಚಿಕಿತ್ಸೆಯ ಖರ್ಚು ಇವರಿಗೂ ಉಂಟು. ಆದರೆ 2024ರ ಮಾರ್ಚ್ 31ರಿಂದ ಬಾಗಿಲು ಕಿರಿದಾಗಿದೆ. ಈಗ ಮೂರು ವಿಷಯ ಒಟ್ಟಿಗೆ ಸಾಬೀತಾಗಬೇಕು. ಗಾಯದಿಂದ ನಡವಳಿಕೆ, ಯೋಚನಾಶಕ್ತಿ ಅಥವಾ ಮನಸ್ಸಿನ ಕೆಲಸದಲ್ಲಿ ಗಣನೀಯ ಏರುಪೇರಾಗಿರಬೇಕು. ವೈದ್ಯರು ಡಿಎಸ್‌ಎಂ ಅನ್ನುವ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಕೈಪಿಡಿಯ ಇತ್ತೀಚಿನ ಆವೃತ್ತಿಯ ಪ್ರಕಾರ ಕಾಯಿಲೆಯ ಹೆಸರು ಹೇಳಿ ಬರೆದಿರಬೇಕು. ಅದಕ್ಕೆ ಕೆಲಸವೇ ಪ್ರಧಾನ ಕಾರಣ ಆಗಿರಬೇಕು, ಹಲವು ಕಾರಣಗಳಲ್ಲಿ ಒಂದಾದರೆ ಸಾಲದು.

ಇದರ ಜೊತೆಗೆ ಒಂದು ಹೊರಗಿಡುವ ನಿಯಮ ಇದೆ. ಆ ಕೆಲಸದಲ್ಲಿ ಸಹಜವಾಗಿ ಬರುವ, ಯಾರಾದರೂ ನಿರೀಕ್ಷಿಸಬಹುದಾದ ಸಂಗತಿಗಳಿಂದ ಹುಟ್ಟಿದ ಒತ್ತಡ, ಬಳಲಿಕೆಗೆ ವಾರದ ಹಣ ಇಲ್ಲ. ಬಹಳಷ್ಟು ಜನ ಎಡವೋದು ಇಲ್ಲೇ. ನಿಜವಾಗಿ ಗಾಯಗೊಂಡಿರುತ್ತಾರೆ, ಆದರೆ ಫಾರ್ಮ್‌ನಲ್ಲಿ ‘ಕೆಲಸದ ಒತ್ತಡ’ ಅಂತ ಬರೆದು ತಾವೇ ತಮ್ಮನ್ನು ಹೊರಗಿಡುವ ಸಾಲಿಗೆ ಸೇರಿಸಿಕೊಳ್ಳುತ್ತಾರೆ. ಅನುಭವ ಇರುವವರು ಇಲ್ಲಿ ವಿವರ ಸೇರಿಸಿ, ಒಂದೇ ಕಡೆ ಸಿಗಲಿ.

ತುಂಗೆಯ_ತೀರ

ಆ ಗೆರೆ ಎಲ್ಲಿ ಬೀಳುತ್ತೆ ಅನ್ನೋದು ಸ್ಪಷ್ಟವಾಗಲಿ. ಏಜ್ಡ್ ಕೇರ್‌ನಲ್ಲಿ ಇಬ್ಬರು ಮಾಡೋ ಕೆಲಸ ಒಬ್ಬರ ಮೇಲೆ ಬೀಳೋದು ‘ಸಹಜ’ ಅಂತ ಏಜೆಂಟ್ (ವರ್ಕ್‌ಸೇಫ್ ಅನ್ನೋ ಸರ್ಕಾರಿ ಸಂಸ್ಥೆಯ ಪರವಾಗಿ ಕ್ಲೇಮ್ ನೋಡೋ ವಿಮಾ ಕಂಪನಿ) ಹೇಳಿಬಿಟ್ಟರೆ?

ಮಲ್ಲಿಗೆ_ಮೊಗ್ಗು

ಹೇಳ್ತಾರೆ, ಅದಕ್ಕೇ ಘಟನೆಗಳನ್ನ ಬಿಡಿಬಿಡಿಯಾಗಿ ಬರೀಬೇಕು. ‘ಸಿಬ್ಬಂದಿ ಕಡಿಮೆ, ಕೆಲಸ ಜಾಸ್ತಿ’ ಅಂದ್ರೆ ಅದು ಒತ್ತಡದ ಸಾಲಿಗೆ ಹೋಗುತ್ತೆ. ‘ಇಂಥ ದಿನ ರಾತ್ರಿ ಪಾಳಿಯಲ್ಲಿ ಒಬ್ಬಳೇ ಇದ್ದಾಗ ನಿವಾಸಿಯೊಬ್ಬರು ಕತ್ತು ಹಿಡಿದರು, ಕರೆಗಂಟೆ ಒತ್ತಿದರೂ ಯಾರೂ ಬರಲಿಲ್ಲ, ಬೆಳಗ್ಗೆ ಘಟನೆಯ ವರದಿ ಬರೆದು ಕೊಟ್ಟೆ’ ಅಂದ್ರೆ ಅದು ಘಟನೆ. ಹಲ್ಲೆ, ಬೆದರಿಕೆ, ಲೈಂಗಿಕ ಕಿರುಕುಳ, ಎಲ್ಲರೆದುರು ಪದೇ ಪದೇ ಅವಮಾನ, ಬಣ್ಣ ಅಥವಾ ಮಾತಿನ ಧಾಟಿ ಹಿಡಿದು ಹೀಯಾಳಿಸೋದು, ಇವು ಯಾವ ಕೆಲಸದ ‘ಸಹಜ’ ಭಾಗವೂ ಅಲ್ಲ. ವಾರ್ಷಿಕ ಲೆಕ್ಕ ಮುಗಿಸೋ ತಿಂಗಳಲ್ಲಿ ಅಕೌಂಟೆಂಟ್‌ಗೆ ತಡರಾತ್ರಿವರೆಗೆ ಕೆಲಸ ಬಿತ್ತು ಅನ್ನೋದು ಸಹಜದ ಸಾಲಿಗೆ ಸೇರುತ್ತೆ.

ಇನ್ನೊಂದು ಮುಖ್ಯ ವಿಷಯ. ಕೆಲಸದ ಭಾಗವಾಗಿಯೇ ಆಘಾತಕಾರಿ ಘಟನೆಗಳನ್ನ ಪದೇ ಪದೇ ಎದುರಿಸುವವರಿಗೆ, ಉದಾಹರಣೆಗೆ ಆಂಬುಲೆನ್ಸ್‌ನ ಪ್ಯಾರಾಮೆಡಿಕ್‌ಗಳಿಗೆ, ಈ ಹೊರಗಿಡುವ ನಿಯಮದಿಂದ ವಿನಾಯಿತಿ ಇದೆ. ‘ನಿಮ್ಮ ಕೆಲಸವೇ ಹಾಗಲ್ಲವಾ’ ಅಂತ ಅವರ ಬಾಯಿ ಮುಚ್ಚಿಸೋಕೆ ಬರಲ್ಲ.

ಧಾರವಾಡ_ಮಂದಿ

ಎಲ್ಲಾ ಖರೆ. ಆದರ ಕ್ಲೇಮ್ ಕೆಡೋದು ಫಾರ್ಮ್‌ಕಿಂತ ಮೊದಲ, ಜಿಪಿ ಡಾಕ್ಟರ ಕೋಣ್ಯಾಗ, ನೋಡ್ರಿ.

ನಮ್ಮ ಮಂದಿ ಡಾಕ್ಟರ ಮುಂದ ಕುಂತು ಏನಂತಾರ? ‘ತಲಿ ಭಾರ’, ‘ಎದಿ ಡವಡವ’, ‘ಹೊಟ್ಟ್ಯಾಗ ಸಂಕಟ’, ‘ನಿದ್ದಿ ಇಲ್ಲ’, ಭಾಳ ಆದ್ರ ‘ಟೆನ್ಷನ್’. ಡಾಕ್ಟರು ತಲಿನೋವು ಅಂತ ಬರೀತಾರ, ಇಸಿಜಿ ತಗಸ್ತಾರ, ನಿದ್ದಿ ಗುಳಿಗಿ ಕೊಡ್ತಾರ. ಆರು ತಿಂಗಳ ಮ್ಯಾಲ ಏಜೆಂಟು ಆ ಕ್ಲಿನಿಕ್ಕಿನ ದಾಖಲೆ ತರಿಸಿ ಓದಿದಾಗ ಅದರಾಗ ಕೆಲಸದ ಹೆಸರ ಇರೂದಿಲ್ಲ. ಆಗ ‘ಇವರು ಆರು ತಿಂಗಳು ಕೆಲಸದ ಬಗ್ಗೆ ಒಂದು ಮಾತೂ ಹೇಳಿಲ್ಲ’ ಅಂತ ನಿರಾಕರಣೆ ಪತ್ರ ಬರ್ತದ. ಮೈಮ್ಯಾಲಿನ ಲಕ್ಷಣ ಹೇಳೂದು ನಮ್ಮ ಭಾಷಾದ ರೀತಿ, ಅದರಾಗ ತಪ್ಪಿಲ್ಲ. ಅದರ ಬೆನ್ನಿಗೇ ಮೂರು ಮಾತು ಸೇರಸ್ರಿ: ಕೆಲಸದಾಗ ಏನಾತು, ಯಾವಾಗಿಂದ, ಈಗ ಏನು ಮಾಡಾಕ ಆಗವಲ್ದು.

ಮೂರನೇದು ಭಾಳ ದೊಡ್ಡದು. ‘ಬ್ಯಾಸರ ಆಗೇದ’ ಅನ್ನಬ್ಯಾಡ್ರಿ. ‘ಔಷಧದ ಪಟ್ಟಿ ಎರಡು ಸಲ ಓದಿದ್ರೂ ತಲ್ಯಾಗ ನಿಲ್ಲವಲ್ದು, ರೈಲು ಹತ್ತಾಕ ಆಗವಲ್ದು, ವಾರಕ್ಕ ನಾಕು ರಾತ್ರಿ ಎರಡು ತಾಸಿಗಿಂತ ಹೆಚ್ಚು ನಿದ್ದಿ ಇಲ್ಲ, ಮಗಳನ್ನ ಸಾಲಿಗೆ ಬಿಡೂ ಕೆಲಸ ಗಂಡ ಮಾಡಾಕತ್ತಾನ’ ಅನ್ರಿ. ಕಾನೂನು ಕೇಳೂ ‘ಗಣನೀಯ ಏರುಪೇರು’ ಅಂದ್ರ ಇದ. ಇದ್ದದ್ದನ್ನ ಹೇಳ್ರಿ, ಇಲ್ಲದ್ದು ಒಂದು ಅಕ್ಷರ ಸೇರಸಬ್ಯಾಡ್ರಿ.

ಅಪಾಯಿಂಟ್‌ಮೆಂಟ್ ತಗೊಳ್ಳೂವಾಗ ಉದ್ದಂದು ಕೇಳ್ರಿ. ಹದಿನೈದು ನಿಮಿಷದಾಗ ಇದು ಮುಗಿಯೂ ಮಾತಲ್ಲ.

ಯಾರಾ_ದಂಡೆ

ಧಾರವಾಡ ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಮೊದಲ ಸರ್ಟಿಫಿಕೇಟ್ ಆಫ್ ಕೆಪ್ಯಾಸಿಟಿಯನ್ನು (ಕೆಲಸ ಮಾಡುವ ಶಕ್ತಿ ಎಷ್ಟಿದೆ ಅಂತ ಹೇಳುವ ಪತ್ರ) ವೈದ್ಯರೇ ಕೊಡಬೇಕು, ಅದರ ಅವಧಿ ಹೆಚ್ಚೆಂದರೆ 14 ದಿನ. ಸೈಕಾಲಜಿಸ್ಟ್ ಬರೆದ ಪತ್ರ ಬೆಂಬಲಕ್ಕೆ ಒಳ್ಳೆಯದು, ಮೊದಲ ಸರ್ಟಿಫಿಕೇಟ್‌ನ ಜಾಗಕ್ಕೆ ನಿಲ್ಲುವುದಿಲ್ಲ. ಊರಿನ ಡಾಕ್ಟರು ವಿಡಿಯೊ ಕರೆಯಲ್ಲಿ ನೋಡಿ ಕಳಿಸಿದ ಪತ್ರವೂ ಅಷ್ಟೇ. ಆಮೇಲಿನ ಸರ್ಟಿಫಿಕೇಟ್‌ಗಳು ಸಾಮಾನ್ಯವಾಗಿ 28 ದಿನದವರೆಗೆ. ನಡುವೆ ಒಂದು ದಿನವೂ ಖಾಲಿ ಬಿಡಬೇಡಿ. ಸರ್ಟಿಫಿಕೇಟ್ ಮುಗಿದರೆ ಹಣವೂ ನಿಲ್ಲುತ್ತೆ.

ಆ ಸರ್ಟಿಫಿಕೇಟ್‌ನಲ್ಲಿ ಕಾಯಿಲೆಯ ಹೆಸರಿನ ಜಾಗದಲ್ಲಿ ‘ಸ್ಟ್ರೆಸ್’, ‘ಆಂಗ್ಸೈಟಿ’, ‘ಬರ್ನ್‌ಔಟ್’ ಅಂತ ಒಂದೇ ಪದ ಇದ್ದರೆ ಕೊಠಡಿಯಲ್ಲೇ ವಿನಯದಿಂದ ಕೇಳಿ: ಇದಕ್ಕೆ ಡಿಎಸ್‌ಎಂ ಪ್ರಕಾರ ಯಾವ ಹೆಸರು ಬರುತ್ತೆ? ಎಷ್ಟೋ ಜಿಪಿಗಳು ಹೊಸ ನಿಯಮವನ್ನು ಗಮನಿಸಿರುವುದಿಲ್ಲ.

ಕಡಲತೀರ_ಉಡುಪಿ

ಆ ಹೆಸರಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ನಮ್ಮವರಿಗೆ ತಪ್ಪು ತಿಳಿವಳಿಕೆ ತುಂಬ ಇದೆ.

ಕೆಲಸದ ಜಾಗದ ಕಿರುಕುಳದ ಪ್ರಕರಣಗಳಲ್ಲಿ ಹೆಚ್ಚಾಗಿ ಕಾಣುವ ಹೆಸರು ‘ಅಡ್ಜಸ್ಟ್‌ಮೆಂಟ್ ಡಿಸಾರ್ಡರ್’. ಕನ್ನಡದಲ್ಲಿ ಯೋಚಿಸುವವರಿಗೆ ಇದು ಚುಚ್ಚುತ್ತದೆ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತ ಬಾಳೆಲ್ಲ ಕೇಳಿಸಿಕೊಂಡವರಿಗೆ, ನಾನು ಹೊಂದಿಕೊಳ್ಳಲಿಲ್ಲ, ತಪ್ಪು ನನ್ನದೇ ಅಂತ ಡಾಕ್ಟರೂ ಬರೆದುಬಿಟ್ಟರು ಅನ್ನಿಸುತ್ತದೆ. ಹಾಗಲ್ಲ. ಹೊರಗಿನ ಒಂದು ನಿರ್ದಿಷ್ಟ ಘಟನೆ ಅಥವಾ ಪರಿಸ್ಥಿತಿಯಿಂದ ಶುರುವಾದ ಕಾಯಿಲೆ ಅನ್ನುವುದೇ ಅದರ ಅರ್ಥ. ಕಾರಣ ಹೊರಗಿದೆ ಅಂತ ಹೆಸರಿನಲ್ಲೇ ಒಪ್ಪಿಕೊಳ್ಳುವುದರಿಂದ ಕ್ಲೇಮ್‌ಗೆ ಇದು ಅನುಕೂಲವೇ. ಲಕ್ಷಣಗಳು ಆ ಪರಿಸ್ಥಿತಿ ಶುರುವಾದ 3 ತಿಂಗಳೊಳಗೆ ಕಾಣಿಸಿಕೊಂಡಿರಬೇಕು. ದಾಖಲೆಯಲ್ಲಿ ತಾರೀಖು ಅಷ್ಟು ಮುಖ್ಯ ಆಗುವುದು ಇದಕ್ಕೇ.

ಇನ್ನೊಂದು ಕಡೆ, ‘ಪಿಟಿಎಸ್‌ಡಿ (ಭೀಕರ ಆಘಾತದ ನಂತರ ಬರುವ ಮಾನಸಿಕ ಕಾಯಿಲೆ) ಅಂತ ಬರೆಸಿದರೆ ಗಟ್ಟಿ’ ಅನ್ನುವ ಮಾತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಡಿಎಸ್‌ಎಂ ಪ್ರಕಾರ ಪಿಟಿಎಸ್‌ಡಿಗೆ ಸಾವು ಅಥವಾ ಸಾವಿನ ಬೆದರಿಕೆ, ಗಂಭೀರ ಗಾಯ, ಲೈಂಗಿಕ ಹಿಂಸೆ, ಇಂಥದ್ದಕ್ಕೆ ಒಡ್ಡಿಕೊಂಡಿರಬೇಕು. ಮ್ಯಾನೇಜರ್ ಆರು ತಿಂಗಳು ಹೀಯಾಳಿಸಿದ್ದು ಎಷ್ಟೇ ಕ್ರೂರವಾಗಿದ್ದರೂ ಆ ಮೊದಲ ಅಂಶಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಏಜೆಂಟ್ ಕಳಿಸುವ ಸೈಕಿಯಾಟ್ರಿಸ್ಟ್ ಮೊದಲ ಪುಟದಲ್ಲೇ ಅದನ್ನು ಹೊಡೆದುಹಾಕುತ್ತಾರೆ, ಆಮೇಲೆ ಉಳಿದ ಮಾತಿನ ಮೇಲೂ ಅನುಮಾನ ಬೀಳುತ್ತದೆ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಕೆಳಗೆ ಸಹೋದ್ಯೋಗಿ ಸಿಕ್ಕಿದ್ದನ್ನು ಕಣ್ಣಾರೆ ಕಂಡವರ ವಿಷಯ ಬೇರೆ.

ಮತ್ತೊಂದು ಸೂಕ್ಷ್ಮ: ಒತ್ತಡದ ಕಾರಣ ಮತ್ತು ಅದರ ಪರಿಣಾಮಗಳು ಮುಗಿದ ಮೇಲೆ ಅಡ್ಜಸ್ಟ್‌ಮೆಂಟ್ ಡಿಸಾರ್ಡರ್‌ನ ಲಕ್ಷಣ 6 ತಿಂಗಳಿಗಿಂತ ಹೆಚ್ಚು ಉಳಿಯಬಾರದು ಅನ್ನುವುದೂ ಆ ವಿವರಣೆಯ ಭಾಗ. ಒಂದು ವರ್ಷ ಕಳೆದರೂ ಅದೇ ಹೆಸರು ಮುಂದುವರಿದರೆ ‘ಇಷ್ಟರಲ್ಲಿ ವಾಸಿಯಾಗಿರಬೇಕಿತ್ತು’ ಅನ್ನುವ ವಾದ ಬರುತ್ತದೆ. ಅಷ್ಟರಲ್ಲಿ ಅದು ಖಿನ್ನತೆಯಾಗಿ ತಿರುಗಿರಬಹುದು. ಚಿಕಿತ್ಸೆ ಕೊಡುವವರು ಮತ್ತೆ ಪರೀಕ್ಷಿಸಿ ಹೆಸರು ಸರಿಪಡಿಸಬೇಕು.

ತುಂಗೆಯ_ತೀರ

ಹಿಂದೆ ಯಾವಾಗಲೋ ಊರಲ್ಲಿ ಖಿನ್ನತೆಗೆ ಮಾತ್ರೆ ತಗೊಂಡಿದ್ದರೆ ಅದನ್ನ ಹೇಳಬೇಕಾ? ಬಹಳ ಜನ ಮುಚ್ಚಿಡ್ತಾರೆ.

ಕಡಲತೀರ_ಉಡುಪಿ

ಹೇಳಲೇಬೇಕು. ಹಳೆಯ ಕಾಯಿಲೆ ಇತ್ತು ಅನ್ನುವುದೊಂದರಿಂದಲೇ ಕ್ಲೇಮ್ ಬೀಳುವುದಿಲ್ಲ. ಪ್ರಶ್ನೆ ಇರುವುದು ಈಗಿನ ಗಾಯಕ್ಕೆ ಪ್ರಧಾನ ಕಾರಣ ಯಾವುದು ಅಂತ. ‘2015ರಲ್ಲಿ ಆರು ತಿಂಗಳು ಔಷಧ, ಆಮೇಲೆ ಏನೂ ಇಲ್ಲ, ಕೆಲಸ ಸರಾಗವಾಗಿ ಮಾಡುತ್ತಿದ್ದರು, ಈ ಘಟನೆಯ ನಂತರ ಕುಸಿದರು’ ಅಂತ ವೈದ್ಯರು ಬರೆದರೆ ಹಳೆಯ ಇತಿಹಾಸವೇ ವಾದಕ್ಕೆ ಬಲ ಕೊಡುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಏನೂ ಉಳಿಯುವುದಿಲ್ಲ.

ಮಲ್ಲಿಗೆ_ಮೊಗ್ಗು

ದಿನಗಳ ಲೆಕ್ಕ ಬರೀತೀನಿ.

ಗಾಯದ ಅರಿವಾದ 30 ದಿನದೊಳಗೆ ಮಾಲೀಕರಿಗೆ ತಿಳಿಸಿ, ಈಮೇಲ್‌ನಲ್ಲಿ. ಬಾಯಿಮಾತು ಬೇಡ. ಕ್ಲೇಮ್ ಫಾರ್ಮ್ ಜೊತೆಗೆ ಸರ್ಟಿಫಿಕೇಟ್ ಕೊಟ್ಟು, ಎರಡರ ಪ್ರತಿಯನ್ನೂ ನಿಮ್ಮ ಸ್ವಂತ ಈಮೇಲ್‌ನಲ್ಲಿ ಇಟ್ಟುಕೊಳ್ಳಿ, ಆಫೀಸಿನ ಈಮೇಲ್‌ನಲ್ಲಿ ಅಲ್ಲ. ರಜೆ ಮೇಲೆ ಹೋದ ಮರುದಿನವೇ ಆ ಖಾತೆ ಮುಚ್ಚಬಹುದು. ಮಾಲೀಕರು ಫಾರ್ಮ್ ತಗೊಳ್ಳಲ್ಲ ಅಂದ್ರೆ ನೇರವಾಗಿ ಏಜೆಂಟ್‌ಗೆ ಅಥವಾ ವರ್ಕ್‌ಸೇಫ್‌ಗೆ ಕಳಿಸಬಹುದು.

ಮನಸ್ಸಿನ ಗಾಯದ ಕ್ಲೇಮ್ ಬಂದ 3 ಕೆಲಸದ ದಿನದೊಳಗೆ ಮಾಲೀಕರು ಏಜೆಂಟ್‌ಗೆ ತಿಳಿಸಬೇಕು. ಮುಂದಿನ 2 ಕೆಲಸದ ದಿನದಲ್ಲಿ ಏಜೆಂಟ್ ತಾತ್ಕಾಲಿಕ ಪಾವತಿಯ ತೀರ್ಮಾನ ಹೇಳಬೇಕು. 2021ರ ಜುಲೈ 1ರಿಂದ ಬಂದಿರೋ ಈ ಸೌಲಭ್ಯ ನಮ್ಮವರಿಗೆ ಹೆಚ್ಚಾಗಿ ಗೊತ್ತೇ ಇಲ್ಲ. ಕ್ಲೇಮ್ ಒಪ್ಪುತ್ತಾರೋ ಬಿಡ್ತಾರೋ ತೀರ್ಮಾನ ಆಗೋ ಮೊದಲೇ 13 ವಾರದ ಚಿಕಿತ್ಸೆಯ ಖರ್ಚು ಸಿಗುತ್ತೆ: ಜಿಪಿ, ಸೈಕಾಲಜಿಸ್ಟ್, ಔಷಧ. ಆಮೇಲೆ ಕ್ಲೇಮ್ ತಿರಸ್ಕಾರ ಆದರೂ ಆ 13 ವಾರ ನಿಲ್ಲಲ್ಲ, ಕೊಟ್ಟದ್ದನ್ನ ವಾಪಸ್ ಕೇಳಲ್ಲ. ಒತ್ತಡ, ಬಳಲಿಕೆಯ ಕ್ಲೇಮ್‌ಗೂ ಇದು ಉಂಟು. ದಯವಿಟ್ಟು ಬಳಸಿಕೊಳ್ಳಿ, ಚಿಕಿತ್ಸೆ ತಡ ಮಾಡಬೇಡಿ. ಸೈಕಾಲಜಿಸ್ಟ್ ಹತ್ತಿರ ಮೊದಲೇ ಒಂದು ಮಾತು ಕೇಳಿ: ವರ್ಕ್‌ಸೇಫ್ ದರಕ್ಕೆ ನೋಡ್ತೀರಾ, ಇಲ್ಲ ಮೇಲೆ ಕೈಯಿಂದ ಕೊಡಬೇಕಾ?

ವಾರದ ಹಣದ ತೀರ್ಮಾನಕ್ಕೆ, ಫಾರ್ಮ್ ಏಜೆಂಟ್ ಕೈಸೇರಿದ ಮೇಲೆ 28 ದಿನ. ಅಲ್ಲಿವರೆಗೆ ಸಂಬಳಕ್ಕೆ ಸಿಕ್ ಲೀವ್ ಬಳಸಬೇಕಾಗಬಹುದು. ಕ್ಲೇಮ್ ಒಪ್ಪಿದ ಮೇಲೆ ಆ ರಜೆಯನ್ನ ಮತ್ತೆ ಜಮಾ ಮಾಡಿ ಅಂತ ಪೇರೋಲ್‌ನವರಿಗೆ ಬರೆದು ಕೇಳಿ.

ಧಾರವಾಡ_ಮಂದಿ

ರೊಕ್ಕದ ಲೆಕ್ಕ ನಾ ಹೇಳ್ತೀನಿ. ಗಾಯದ ಮೊದಲಿನ ಸರಾಸರಿ ವಾರದ ಪಗಾರ 1,600 ಡಾಲರ್ ಅಂತ ಇಟ್ಕೋರಿ. ಮೊದಲ 13 ವಾರ 95 ಪರ್ಸೆಂಟ್, ಅಂದ್ರ 1,520. 14ನೇ ವಾರದಿಂದ 130ನೇ ವಾರದ ತನಕ 80 ಪರ್ಸೆಂಟ್, 1,280. ಟ್ಯಾಕ್ಸ್ ಇದ್ದದ್ದ. 52 ವಾರ ದಾಟಿದ ಮ್ಯಾಲ ಸರಾಸರಿಯಾಗಿಂದ ಓವರ್‌ಟೈಮು, ಶಿಫ್ಟ್ ಅಲೋವನ್ಸ್ ತಗೀತಾರ. ರಾತ್ರಿಪಾಳಿ ಮಾಡೂ ನರ್ಸ್‌ಗಳಿಗೆ ಇದು ದೊಡ್ಡ ಹೊಡೆತ, ಮನಿ ಸಾಲದ ಕಂತು ಮೊದಲ ಹೊಂದಿಸಿಕೋರಿ.

14ನೇ ವಾರದ ನಂತರ ಅರ್ಧ ಕೆಲಸಕ್ಕ ಹೋಗಿ ವಾರಕ್ಕ 600 ದುಡದ್ರ, 1,600ರಾಗ 600 ಕಳದು ಉಳದ 1,000ಕ್ಕ 80 ಪರ್ಸೆಂಟ್, 800 ಕೊಡ್ತಾರ. ಒಟ್ಟು 1,400 ಆತು. ಮನ್ಯಾಗ ಕುಂತದ್ದಕ್ಕಿಂತ 120 ಹೆಚ್ಚು. ಆರೋಗ್ಯ ಒಪ್ಪಿದ್ರ ಅಷ್ಟಿಷ್ಟು ಕೆಲಸ ಶುರು ಮಾಡೂದರಾಗ ನಷ್ಟ ಇಲ್ಲ.

130 ವಾರ ಆದ ಮ್ಯಾಲ ಹಾದಿ ಭಾಳ ಸಣ್ಣದು. ಕೆಲಸ ಮಾಡೂ ಶಕ್ತಿ ಇಲ್ಲ, ಮುಂದೂ ಬರೂ ಹಂಗಿಲ್ಲ ಅಂತ ಆಗಬೇಕು, ಮ್ಯಾಲ ಶಾಶ್ವತ ಹಾನಿ 20 ಪರ್ಸೆಂಟ್‌ಕಿಂತ ಹೆಚ್ಚು ಇರಬೇಕು. ಶಾಶ್ವತ ಹಾನಿಗೆ ಒಂದೇ ಗಂಟಿನ ಪರಿಹಾರ ಬೇಕಂದ್ರ ಮನಸ್ಸಿನ ಗಾಯಕ್ಕ 30 ಪರ್ಸೆಂಟ್ ಮಿತಿ. ದೇಹದ ಗಾಯಕ್ಕ 10 ಸಾಕು. ಈ ಅಂತರ ನ್ಯಾಯ ಅಲ್ಲ ಅಂತ ನನಗ ಖರೇನ ಅನಸ್ತದ, ಆದರ ಸದ್ಯ ಕಾನೂನು ಅದ.

ವಿಂಡಮ್_ವಾಸಿ

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಬದಲು ಮೊದಲ ದಿನವೇ ವಕೀಲರನ್ನು ಹಿಡಿಯುವುದು ಒಳ್ಳೆಯದಲ್ಲವೇ?

ಯಾರಾ_ದಂಡೆ

ಮೊದಲ ದಿನಕ್ಕೆ ಬೇಕಾದದ್ದು ಸರಿಯಾದ ಸರ್ಟಿಫಿಕೇಟ್, ಅದನ್ನು ವಕೀಲರು ಕೊಡಲಾರರು. ಆದರೆ ಎರಡು ಸಂದರ್ಭಗಳಲ್ಲಿ ಬೇಗ ಮಾತಾಡಿ: ಕೆಲಸದಿಂದ ತೆಗೆದರೆ ಮತ್ತು ಗಂಭೀರ ಗಾಯದ ಮೊಕದ್ದಮೆ ಯೋಚನೆಯಲ್ಲಿದ್ದರೆ. ವಜಾ ವಿರುದ್ಧ ಫೇರ್ ವರ್ಕ್ ಕಮಿಷನ್‌ಗೆ (ಉದ್ಯೋಗ ವ್ಯಾಜ್ಯಗಳ ನ್ಯಾಯಮಂಡಳಿ) ಹೋಗಲು ಇರುವುದು 21 ದಿನ ಮಾತ್ರ.

ಕ್ಲೇಮ್ ತಿರಸ್ಕಾರ ಆದರೆ ಆ ಪತ್ರ ಕೈಸೇರಿದ 60 ದಿನದೊಳಗೆ ವರ್ಕ್‌ಪ್ಲೇಸ್ ಇಂಜುರಿ ಕಮಿಷನ್‌ಗೆ ಸಂಧಾನಕ್ಕೆ ಅರ್ಜಿ ಹಾಕಿ. ಶುಲ್ಕ ಇಲ್ಲ. ಜೊತೆಗೆ ನಿಲ್ಲಲು ವರ್ಕ್‌ಕವರ್ ಅಸಿಸ್ಟ್ ಇದೆ, ಯೂನಿಯನ್ ಅಸಿಸ್ಟ್ ಇದೆ, ಎರಡೂ ಉಚಿತ. ಅಲ್ಲಿ ಬಗೆಹರಿಯದಿದ್ದರೆ ಮುಂದೆ ಮೆಡಿಕಲ್ ಪ್ಯಾನೆಲ್ (ವೈದ್ಯರ ಸಮಿತಿ), ಕಮಿಷನ್‌ನಲ್ಲೇ ಆರ್ಬಿಟ್ರೇಷನ್ (ಪಂಚಾಯ್ತಿ ತೀರ್ಪು), ಇಲ್ಲವೇ ಕೋರ್ಟ್. ವೈದ್ಯಕೀಯ ಪ್ರಶ್ನೆಗಳ ಮೇಲೆ ಪ್ಯಾನೆಲ್ ಕೊಟ್ಟ ಅಭಿಪ್ರಾಯ ಎಲ್ಲರಿಗೂ ಕಟ್ಟುನಿಟ್ಟು, ಹಾಗಾಗಿ ಅಲ್ಲಿಗೆ ಹೋಗುವ ಮೊದಲು ಚಿಕಿತ್ಸೆ ಕೊಡುತ್ತಿರುವವರ ವಿವರವಾದ ವರದಿ ಫೈಲಿನಲ್ಲಿ ಇರಲೇಬೇಕು.

ವಿಂಡಮ್_ವಾಸಿ

ಐಟಿಯವರ ಕ್ಲೇಮ್ ಹೆಚ್ಚಾಗಿ ಬೀಳುವುದು ‘ಮ್ಯಾನೇಜ್‌ಮೆಂಟ್ ಆಕ್ಷನ್’ ಅನ್ನುವ ಕಾರಣಕ್ಕೆ ಅಂತ ಕೇಳಿದ್ದೇನೆ. ಅದೇನು?

ಮಲ್ಲಿಗೆ_ಮೊಗ್ಗು

ಕೆಲಸದ ಮೌಲ್ಯಮಾಪನ, ಎಚ್ಚರಿಕೆ ಪತ್ರ, ವರ್ಗಾವಣೆ, ಶಿಸ್ತುಕ್ರಮ, ಬಡ್ತಿ ಕೊಡದಿರೋದು, ಇವೆಲ್ಲ ಆಡಳಿತದ ಕ್ರಮ. ಅದನ್ನ ಸಮಂಜಸ ಕಾರಣಕ್ಕೆ, ಸಮಂಜಸ ರೀತಿಯಲ್ಲಿ ಮಾಡಿದ್ದು, ಗಾಯಕ್ಕೆ ಪೂರ್ತಿ ಅಥವಾ ಪ್ರಧಾನವಾಗಿ ಅದೇ ಕಾರಣ ಆಗಿದ್ರೆ ಪರಿಹಾರ ಇಲ್ಲ. ಇದರಲ್ಲಿ ಎರಡು ತುಂಡು ಇದೆ, ಜನ ಒಂದನ್ನೇ ನೋಡ್ತಾರೆ. ಕಾರಣ ಸರಿ ಇದ್ದರೂ ರೀತಿ ತಪ್ಪಿದ್ದರೆ ಆ ತಡೆ ನಿಲ್ಲಲ್ಲ. ಮುನ್ಸೂಚನೆ ಇಲ್ಲದೆ ಮೀಟಿಂಗ್‌ಗೆ ಕರೆದ್ರಾ? ಜೊತೆಗೆ ಒಬ್ಬರನ್ನ ಕರ್ಕೊಂಡು ಬರೋ ಅವಕಾಶ ಕೊಟ್ರಾ? ಕಂಪನಿಯ ಸ್ವಂತ ನೀತಿಯಲ್ಲಿ ಬರೆದಿರೋ ಹಂತಗಳನ್ನ ಪಾಲಿಸಿದ್ರಾ? ಆರೋಪಕ್ಕೆ ಉತ್ತರ ಕೊಡೋಕೆ ಎಷ್ಟು ದಿನ ಕೊಟ್ರು? ಆ ನೀತಿಯ ಪ್ರತಿಯನ್ನೂ ಮೀಟಿಂಗ್‌ನ ಕರೆಯನ್ನೂ ಮೊದಲೇ ಜೋಪಾನ ಮಾಡಿಡಿ.

ಘಟನೆಗಳ ಕ್ರಮ ಇಲ್ಲಿ ತುಂಬ ಮುಖ್ಯ. ಕಿರುಕುಳದ ದೂರು ಮಾರ್ಚ್‌ನಲ್ಲಿ, ನಿದ್ದೆಗೆಟ್ಟು ಜಿಪಿ ನೋಡಿದ್ದು ಏಪ್ರಿಲ್‌ನಲ್ಲಿ, ಎಚ್ಚರಿಕೆ ಪತ್ರ ಬಂದದ್ದು ಜೂನ್‌ನಲ್ಲಿ ಅಂತ ಇದ್ರೆ, ಗಾಯ ಪತ್ರದಿಂದ ಆಗಿದ್ದಲ್ಲ ಅನ್ನೋದನ್ನ ತಾರೀಖುಗಳೇ ಹೇಳ್ತವೆ. ಆದರೆ ಫಾರ್ಮ್‌ನಲ್ಲಿ ಎಲ್ಲಕ್ಕಿಂತ ಇತ್ತೀಚಿನ, ಎಲ್ಲಕ್ಕಿಂತ ಹೆಚ್ಚು ನೋಯಿಸಿದ ಆ ಪತ್ರವನ್ನೇ ಮೊದಲು ಬರೆದು, ಹಿಂದಿನದ್ದನ್ನ ಬಿಟ್ಟುಬಿಡ್ತಾರೆ. ಒಂದು ಹಾಳೆಯಲ್ಲಿ ತಾರೀಖು, ಜಾಗ, ಯಾರು, ಏನು ಅಂದ್ರು, ಯಾರು ನೋಡಿದ್ರು, ಯಾರಿಗೆ ತಿಳಿಸಿದ್ರಿ ಅಂತ ಹಳೆಯದರಿಂದ ಹೊಸದಕ್ಕೆ ಬರೆದು ಫಾರ್ಮ್‌ಗೆ ಲಗತ್ತಿಸಿ. ಎರಡು ಪುಟ ಸಾಕು.

ಕಡಲತೀರ_ಉಡುಪಿ

ಏಜೆಂಟ್ ಕಳಿಸುವ ತನಿಖೆಯವರು ಹೇಳಿಕೆ ತೆಗೆದುಕೊಳ್ಳಲು ಬರುತ್ತಾರೆ. ಮಾತು ಸ್ನೇಹದಿಂದಲೇ ಇರುತ್ತದೆ. ಹೇಳಿಕೆಯನ್ನು ಅದೇ ದಿನ ಸಹಿ ಮಾಡಬೇಕಿಲ್ಲ. ಪ್ರತಿ ಕೇಳಿ ಪಡೆದು, ಓದಿ, ತಪ್ಪಿದ್ದರೆ ತಿದ್ದಿಸಿ. ಏಜೆಂಟ್ ಗೊತ್ತುಮಾಡಿದ ಸೈಕಿಯಾಟ್ರಿಸ್ಟ್ ಪರೀಕ್ಷೆಗೆ ಕಾರಣವಿಲ್ಲದೆ ತಪ್ಪಿಸಬೇಡಿ, ಹಣ ನಿಲ್ಲಿಸಬಹುದು. ಅಲ್ಲಿ ‘ಮನೆ ಬಿಟ್ಟು ಹೊರಗೇ ಹೋಗುವುದಿಲ್ಲ’ ಅನ್ನಬೇಡಿ, ಅದು ಪೂರ್ತಿ ನಿಜವಲ್ಲದಿದ್ದರೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಗುತ್ತಾ ನಿಂತ ಫೋಟೊ ಫೇಸ್‌ಬುಕ್‌ನಲ್ಲಿ ಸಿಗುತ್ತದೆ. ಕಾರ್ಯಕ್ರಮಕ್ಕೆ ಹೋಗುವುದು ತಪ್ಪೇ ಅಲ್ಲ. ‘ಗಂಡನ ಒತ್ತಾಯಕ್ಕೆ ಹೋದೆ, ಅರ್ಧ ಗಂಟೆ ಕೂತು ಎದ್ದು ಬಂದೆ’ ಅಂತ ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಆ ಫೋಟೊದಿಂದ ಏನೂ ಆಗುವುದಿಲ್ಲ.

ತುಂಗೆಯ_ತೀರ

ವೀಸಾ ಹೋಗುತ್ತೆ ಅನ್ನೋ ಭಯಕ್ಕೇ ಎಷ್ಟೋ ಜನ ಸುಮ್ಮನಿದ್ದಾರೆ. 482ರಲ್ಲಿ (ಕಂಪನಿ ಪ್ರಾಯೋಜಿಸುವ ತಾತ್ಕಾಲಿಕ ಕೆಲಸದ ವೀಸಾ) ಇರುವವರಿಗೆ ಏನು ಹೇಳೋದು?

ಯಾರಾ_ದಂಡೆ

ವರ್ಕ್‌ಕವರ್ ಹಕ್ಕು ಪೌರತ್ವ ನೋಡುವುದಿಲ್ಲ. ತಾತ್ಕಾಲಿಕ ವೀಸಾದವರಿಗೂ, ವಿದ್ಯಾರ್ಥಿಗಳಿಗೂ ಇದೆ. ಕ್ಲೇಮ್ ಹಾಕುವುದು ವೀಸಾ ಷರತ್ತಿನ ಉಲ್ಲಂಘನೆ ಅಲ್ಲ. ಕ್ಲೇಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಕೆಲಸವೇ ಹೋದರೆ 482ರವರಿಗೆ 2024ರ ಜುಲೈ 1ರಿಂದ ಒಂದು ಸಲಕ್ಕೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ ಬೇರೆ ಪ್ರಾಯೋಜಕರನ್ನು ಹುಡುಕಲು ಸಮಯ ಇದೆ. ಆದ್ದರಿಂದ ಸಿಟ್ಟಿನಲ್ಲಿ ರಾಜೀನಾಮೆ ಬರೆದು ಆ ಗಡಿಯಾರವನ್ನು ನೀವೇ ಶುರು ಮಾಡಬೇಡಿ. ಊರಿಗೆ ಹೋಗುವುದಿದ್ದರೆ ಟಿಕೆಟ್‌ಗೆ ಮೊದಲೇ ಏಜೆಂಟ್‌ಗೆ ಬರೆದು, ಹಣ ಎಷ್ಟು ದಿನ ಮುಂದುವರಿಯುತ್ತೆ ಅಂತ ಲಿಖಿತ ಉತ್ತರ ಪಡೆಯಿರಿ.

ಸಿಡ್ನಿಯವರು ಈ ಪುಟದ ದಿನಗಳನ್ನೂ ಶೇಕಡಾಗಳನ್ನೂ ನಂಬಿ ನಡೆಯಬೇಡಿ. ನ್ಯೂ ಸೌತ್ ವೇಲ್ಸ್ ಕಾನೂನೇ ಬೇರೆ.

ಜಯನಗರ_4ನೇ_ಬ್ಲಾಕ್

ಬೆಂಗಳೂರಿನಲ್ಲಿ ಇಂಥದ್ದು ಇದೆಯೇ?

ಕಡಲತೀರ_ಉಡುಪಿ

ಈ ರೂಪದಲ್ಲಿ ಇಲ್ಲ. 1923ರ ಪರಿಹಾರ ಕಾಯ್ದೆ ಕೇಳುತ್ತಿದ್ದದ್ದು ‘ಅಪಘಾತದಿಂದಾದ ಗಾಯ’. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಅಡಿಪಾಯ. ವೃತ್ತಿ ಕಾಯಿಲೆಗಳ ಪಟ್ಟಿಯಲ್ಲಿ ಖಿನ್ನತೆ ಇಲ್ಲ. ಆದರೆ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ ದಾರಿ ಇದೆ, ಅಲ್ಲಿ ಕೆಲಸವೇ ಕಾರಣ ಅಂತ ಸಾಬೀತುಪಡಿಸುವ ಅಗತ್ಯವೂ ಇಲ್ಲ. ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70. ದೀರ್ಘ ಕಾಯಿಲೆಗಳ 34ರ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾ, ತೀವ್ರ ಖಿನ್ನತೆಯ ಒಂದು ಬಗೆ ಸೇರಿವೆ. ಅವಕ್ಕೆ ಶೇ. 80, ಎರಡು ವರ್ಷದವರೆಗೂ ಸಿಗಬಹುದು. ಎರಡು ವರ್ಷ ಸತತವಾಗಿ ವಿಮೆಯ ಕೆಲಸದಲ್ಲಿದ್ದಿರಬೇಕು.

ಧಾರವಾಡ_ಮಂದಿ

ಕಡೀದಾಗಿ ದುಭಾಷಿ ವಿಷಯ, ಯಾರೂ ಎತ್ತಿಲ್ಲ. ಇಂಗ್ಲಿಷ್ ಬರ್ತದ ಅನ್ನವ್ರಿಗೂ ಮನಸ್ಸಿನ ಮಾತು ಇಂಗ್ಲಿಷಿನ್ಯಾಗ ಅರ್ಧ ಬರ್ತದ. ಗಂಡನ್ನೋ ಮಗನ್ನೋ ಕೂಡಿಸಿಕೊಂಡು ಹೇಳಸಬ್ಯಾಡ್ರಿ. ಅವರ ಮುಂದ ಹೇಳಾಕ ಆಗದ ಮಾತು ಇರ್ತಾವ, ಅವರೂ ನಿಮ್ಮ ಮಾತು ಹಗರ ಮಾಡಿ ಹೇಳ್ತಾರ. ಟಿಐಎಸ್ ನ್ಯಾಷನಲ್ (ಸರಕಾರದ ದುಭಾಷಿ ಸೇವಾ) ನಂಬರ್ 131 450, ಇಂಜುರಿ ಕಮಿಷನ್‌ನ್ಯಾಗೂ ದುಭಾಷಿಗೆ ನೀವು ರೊಕ್ಕ ಕೊಡಬೇಕಿಲ್ಲ. ಬುಕ್ ಮಾಡೂವಾಗ ‘ಇಂಡಿಯನ್’ ಅಂದ್ರ ಹಿಂದಿಯವರನ್ನ ಕಳಸ್ತಾರ. ‘ಕನ್ನಡ’ ಅಂತ ಅಕ್ಷರ ಬಿಡಿಸಿ ಹೇಳ್ರಿ, ಹೆಣ್ಣುಮಕ್ಕಳಿಗೆ ಹೆಣ್ಣು ದುಭಾಷಿ ಬೇಕಂದ್ರ ಅದನ್ನೂ ಆಗ ಹೇಳ್ರಿ. ಆ ದಿನ ಬ್ಯಾರೆ ಭಾಷಾದವರು ಬಂದ್ರ ‘ನಡೀತದ ಬಿಡ್ರಿ’ ಅನ್ನಬ್ಯಾಡ್ರಿ, ಇನ್ನೊಂದು ತಾರೀಖು ಕೇಳ್ರಿ.